ನಮ್ಮ ಶಾಲೆಯ ಆರನೆಯ ತರಗತಿ ಹಿಂದೆ ಬಿದ್ದಿದೆಯಂತೆ: ಅಂಕದ ಜೊತೆಗೆ ಹಾಜರಿ ಪುಸ್ತಕವನ್ನೂ ತೆರೆಯೋಣವೇ?

ಬಿಸಿಲಬಯಲು (ಯಾದಗಿರಿ ಜಿಲ್ಲೆ)

ಎಲ್ಲರಿಗೂ ಶರಣು. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಾನೊಬ್ಬ ಸದಸ್ಯ. ಮಗಳು ಅದೇ ಶಾಲೆಯಲ್ಲಿ ಆರನೆಯ ತರಗತಿ ಓದುತ್ತಿದ್ದಾಳೆ. ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ದಸರಾ ರಜೆ ಮುಗಿದ ಮೇಲೆ ಪಾಲಕರ ಸಭೆ ಕರೆದಿದ್ದರು. ಆರು, ಏಳನೆಯ ತರಗತಿಯ ಅಂಕಗಳನ್ನು ಓದಿ ಹೇಳಿದರು. ಗಣಿತದಲ್ಲಿ ಅರ್ಧಕ್ಕರ್ಧ ಮಕ್ಕಳು ಹಿಂದೆ. ಕನ್ನಡದಲ್ಲಿಯೇ ಒತ್ತಕ್ಷರ ಬಂದರೆ ತಡವರಿಸುವವರು ಇದ್ದಾರೆ. ಅಷ್ಟರಲ್ಲಿ ಯಾರೋ ಹೋಬಳಿಯ ವಸತಿ ಶಾಲೆಯ ಸರಾಸರಿಯನ್ನು ತಂದು ನಮ್ಮದರ ಪಕ್ಕದಲ್ಲಿ ಬೋರ್ಡಿನ ಮೇಲೆ ಬರೆದರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಹಾಗಾದರೆ ಈ ಶಾಲೆಗೆ ಬೀಗ ಹಾಕಿರಿ" ಎಂದರು. ಮುಖ್ಯ ಗುರುಗಳು ಮಾತಾಡಲಿಲ್ಲ. ಬೋರ್ಡಿನ ಕಡೆಗೂ ನೋಡಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಶಾಲೆಗೆ ಹೋಗಿ ಹಾಜರಿ ಪುಸ್ತಕಗಳನ್ನು ತೋರಿಸಿ ಎಂದು ಕೇಳಿದೆ. ಗುರುಗಳು ಮೊದಲು ಅನುಮಾನಿಸಿದರು, ಆಮೇಲೆ ಕಪಾಟಿನಿಂದ ಎರಡು ವರ್ಷದ ಪುಸ್ತಕಗಳನ್ನು ತೆಗೆದು ಮುಂದಿಟ್ಟರು.

ಹೋದ ವರ್ಷ ಐದನೆಯ ತರಗತಿಯಲ್ಲಿ ಯಾವ ಪುಟ ತೆರೆದರೂ ನಿರರ್ಗಳವಾಗಿ ಓದುತ್ತಿದ್ದ ಮಕ್ಕಳು ಐವರು. ಅವರಲ್ಲಿ ನಾಲ್ವರು ಆರಕ್ಕೆ ಬಂದೇ ಇಲ್ಲ. ಇಬ್ಬರು ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ, ಒಬ್ಬಳು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗೆ, ಒಬ್ಬ ಆದರ್ಶ ವಿದ್ಯಾಲಯಕ್ಕೆ. ಐದನೆಯವಳು ನನ್ನ ಮಗಳು. ಅವಳೂ ಪರೀಕ್ಷೆ ಬರೆದಿದ್ದಳು, ಸೀಟು ಸಿಗಲಿಲ್ಲ.

ಆಮೇಲೆ ಹೋದ ವರ್ಷದ ಆರನೆಯ ತರಗತಿಯ ನವೆಂಬರ್ ಪುಟ ತಿರುವಿದೆ. ಜುಲೈ ಪುಟದಲ್ಲಿ ಅಲ್ಲೊಂದು ಇಲ್ಲೊಂದು ಗೈರು. ನವೆಂಬರಿನಲ್ಲಿ ಕೆಲವರ ಹೆಸರಿನ ಮುಂದೆ ಸಾಲುಸಾಲು ಕೆಂಪು ಗುರುತು, ಸೋಮವಾರದಿಂದ ಶನಿವಾರದವರೆಗೆ. ಡಿಸೆಂಬರಿನಲ್ಲಿ ಇನ್ನೂ ಹೆಚ್ಚು. ನಮ್ಮ ಕಡೆಯವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. ಅದು ಹತ್ತಿ ಬಿಡಿಸುವ ಕಾಲ. ಹೊಲಕ್ಕೆ ಹೋಗದವರಲ್ಲಿ ಕೆಲವರು ತಂದೆತಾಯಿಯ ಜೊತೆ ಗುಳೆ ಹೋಗಿದ್ದರು, ಬೆಂಗಳೂರಿಗೆ, ಪುಣೆಗೆ.

ಬೋರ್ಡಿನ ಮೇಲೆ ಬರೆದ ಆ ಎರಡು ಸರಾಸರಿಗಳಲ್ಲಿ ಒಂದು ಪರೀಕ್ಷೆ ಬರೆಸಿ ಆರಿಸಿಕೊಂಡ, ಅಲ್ಲಿಯೇ ಉಂಡು ಮಲಗುವ ಮಕ್ಕಳದು. ಇನ್ನೊಂದು ಆ ಆಯ್ಕೆಯ ನಂತರ ಉಳಿದ, ವರ್ಷದ ಮೂರು ನಾಲ್ಕು ತಿಂಗಳು ಹೊಲದಲ್ಲಿರುವ ಮಕ್ಕಳದು. ಇವೆರಡನ್ನು ಪಕ್ಕದಲ್ಲಿಟ್ಟು ಗುರುಗಳನ್ನು ತಲೆ ತಗ್ಗಿಸುವಂತೆ ಮಾಡುವುದು ನನಗೆ ಸರಿ ಕಾಣಲಿಲ್ಲ. ಹಾಗಂತ ಮಕ್ಕಳಿಗೆ ಓದಲು ಬರುವುದಿಲ್ಲ ಎಂಬುದೂ ಸುಳ್ಳಲ್ಲ. ಶಾಲೆಯನ್ನು ನ್ಯಾಯವಾಗಿ ಅಳೆಯುವುದು ಹೇಗೆ? ತಿಳಿದವರು ಹೇಳಬೇಕು.

ಕಪ್ಪುಹಲಗೆ (ನಿವೃತ್ತ ಮುಖ್ಯ ಶಿಕ್ಷಕಿ, ಹಾವೇರಿ ಜಿಲ್ಲೆ)

ಬಿಸಿಲಬಯಲು ಅವರೇ, ನೀವು ಹಾಜರಿ ಪುಸ್ತಕ ತೆರೆದು ನೋಡಿದ್ದು ಓದಿ ಕಣ್ಣು ತುಂಬಿತು. ನನ್ನ ಸೇವೆಯಲ್ಲಿ ಹಾಗೆ ಕೇಳಿದ ಪಾಲಕರು ಒಬ್ಬರೂ ಇರಲಿಲ್ಲ.

ಆರನೆಯ ತರಗತಿ ಎಂಬುದು ಒಂದು ಜರಡಿ. ನವೋದಯಕ್ಕೆ ಆರಕ್ಕೇ ಪ್ರವೇಶ, ಒಂದೊಂದು ವಿದ್ಯಾಲಯದಲ್ಲಿ 80 ಸೀಟು. ಮೊರಾರ್ಜಿ, ಚೆನ್ನಮ್ಮ ವಸತಿ ಶಾಲೆಗಳಿಗೂ ಆರಕ್ಕೇ. ಶೈಕ್ಷಣಿಕವಾಗಿ ಹಿಂದುಳಿದ 74 ತಾಲ್ಲೂಕುಗಳಿಗೆಂದು ತೆರೆದ ಆದರ್ಶ ವಿದ್ಯಾಲಯಗಳಿಗೂ ಆರಕ್ಕೇ. ಇವು ಯಾವುವೂ ಕೆಟ್ಟವಲ್ಲ. ಬೆಳಿಗ್ಗೆ ಎಂಟಕ್ಕೇ ಶಾಲೆಗೆ ಬಂದು ಐದನೆಯ ತರಗತಿಯ ಮಕ್ಕಳನ್ನು ನಾನೇ ಆ ಪರೀಕ್ಷೆಗಳಿಗೆ ತಯಾರು ಮಾಡಿದ್ದೇನೆ. ಆಯ್ಕೆ ಪಟ್ಟಿಯಲ್ಲಿ ನಮ್ಮ ಶಾಲೆಯ ಹೆಸರು ಕಂಡರೆ ಪೇಡೆ ಹಂಚುತ್ತಿದ್ದೆ.

ಜೂನ್ ತಿಂಗಳಲ್ಲಿ ಉಳಿದ ಮಕ್ಕಳ ಮುಂದೆ ನಿಂತಾಗ ಮಾತ್ರ ಎದೆ ಭಾರವಾಗುತ್ತಿತ್ತು. ಒಂದು ವರ್ಷ ಒಬ್ಬ ಹುಡುಗ ಕೇಳಿಯೇ ಬಿಟ್ಟ: "ಟೀಚರ್, ನಾವು ಉಳಿದವರಾ?" ಏನೂ ಹೇಳಲಾಗದೆ ಬೋರ್ಡಿನ ಕಡೆ ತಿರುಗಿ ತಾರೀಖು ಬರೆದೆ.

ಇನ್ನೊಂದು ಜರಡಿಯೂ ಇದೆ, ಅದು ಒಂದನೆಯ ತರಗತಿಗೇ ಶುರು. ಊರಿಗೆ ಬರುವ ಖಾಸಗಿ ಶಾಲೆಯ ಹಳದಿ ವ್ಯಾನು ಯಾರ ಮನೆಯ ಮುಂದೆ ನಿಲ್ಲುತ್ತದೆ ನೋಡಿ. ಶುಲ್ಕ ಕಟ್ಟುವ ಶಕ್ತಿ ಇರುವ ಮನೆಯ ಮುಂದೆ. ಅದೇ ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಮಗ ವ್ಯಾನು ಹತ್ತುವುದನ್ನು, ಮಗಳು ನಮ್ಮ ಶಾಲೆಗೆ ನಡೆದು ಬರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನಮ್ಮ ಆರು, ಏಳನೆಯ ತರಗತಿಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚಿರುತ್ತಿದ್ದರು.

ಘಟ್ಟದ ಕೆಳಗಿನವ (ಉಡುಪಿ)

ನನ್ನ ಮಾತು ಇಲ್ಲಿ ಕೆಲವರಿಗೆ ಹಿಡಿಸದಿರಬಹುದು, ಆದರೂ ಹೇಳುತ್ತೇನೆ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ನಮ್ಮ ಜಿಲ್ಲೆ ಶೇ 94, ಯಾದಗಿರಿ ಶೇ 50.59. ಮರುವರ್ಷ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಇಷ್ಟು ದೊಡ್ಡ ಅಂತರ ಹತ್ತನೆಯ ತರಗತಿಯಲ್ಲಿ ಒಮ್ಮೆಲೇ ಹುಟ್ಟಿಕೊಳ್ಳುವುದಿಲ್ಲ. ಆರರಲ್ಲಿ ಭಿನ್ನರಾಶಿ ಬಾರದವನಿಗೆ ಎಂಟರಲ್ಲಿ ಬೀಜಗಣಿತ ಎಲ್ಲಿಂದ ಬರಬೇಕು?

ನಮ್ಮಲ್ಲಿಯೂ ಬಡವರಿದ್ದಾರೆ. ನನ್ನ ತಾಯಿ ಬೀಡಿ ಕಟ್ಟುತ್ತಿದ್ದರು. ಮೊರದಲ್ಲಿ ಎಲೆ, ಸೊಪ್ಪು ಇಟ್ಟುಕೊಂಡು ಚಾವಡಿಯಲ್ಲಿ ಕೂತರೆ ಕತ್ತಲಾಗುವವರೆಗೆ ಏಳುತ್ತಿರಲಿಲ್ಲ. ಸರ್ಕಾರಿ ಶಾಲೆಯಲ್ಲಿಯೇ ಓದಿದೆ. ಆ ಮಗು ಬಡವ, ಈ ಮಗು ಗುಳೆ ಹೋಗುವವ ಎಂದು ಕಾರಣ ಕೊಡುತ್ತಾ ಹೋದರೆ ಕಲಿಸಬೇಕಾದವರಿಗೆ ಅದೊಂದು ನೆಪವಾಗುತ್ತದೆ. ನಷ್ಟ ಆಗುವುದು ಆ ಮಗುವಿಗೇ. ಇದನ್ನು ಯಾರನ್ನೂ ನೋಯಿಸಲು ಹೇಳುತ್ತಿಲ್ಲ.

ಕಪ್ಪುಹಲಗೆ

ನಿಮ್ಮ ಮಾತಿನಲ್ಲಿ ನ್ಯಾಯ ಇದೆ ಅಣ್ಣ. ಆದರೆ ನಿಮ್ಮ ತಾಯಿ ಬೀಡಿ ಕಟ್ಟುತ್ತಲೇ ನಿಮ್ಮ ಪುಸ್ತಕದ ಮೇಲೆ ಕಣ್ಣು ಹಾಯಿಸಬಲ್ಲವರಾಗಿದ್ದರೇ? ಕೇಳುವುದಕ್ಕೆ ಕಾರಣವಿದೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಹೆಣ್ಣುಮಕ್ಕಳ ಸಾಕ್ಷರತೆ ಶೇ 84. ಯಾದಗಿರಿಯಲ್ಲಿ ಶೇ 41. ಆಗ ಇಪ್ಪತ್ತರ ಆಸುಪಾಸಿನಲ್ಲಿದ್ದ ಹೆಣ್ಣುಮಕ್ಕಳೇ ಈಗಿನ ಆರನೆಯ ತರಗತಿಯ ಮಕ್ಕಳ ತಾಯಂದಿರು. ಮಗು ಮನೆಗೆ ಹೋಗಿ "ಅವ್ವಾ, ಇದೇನು?" ಎಂದು ಪುಸ್ತಕ ತೋರಿಸಿದರೆ ಉತ್ತರ ಸಿಗುವ ಮನೆಗಳು ಎರಡು ಕಡೆ ಒಂದೇ ಸಮ ಇಲ್ಲ.

ಘಟ್ಟದ ಕೆಳಗಿನವ

ಹೌದು ಟೀಚರ್. ಅಮ್ಮ ಏಳನೆಯ ತರಗತಿಯವರೆಗೆ ಓದಿದ್ದರು. ಮಗ್ಗಿ ತಪ್ಪಿದರೆ ಬೀಡಿಗೆ ನೂಲು ಸುತ್ತುತ್ತಲೇ ತಿದ್ದುತ್ತಿದ್ದರು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಪೀಣ್ಯದ ಅವ್ವ (ಬೆಂಗಳೂರು)

ನಾವು ಕಲಬುರಗಿ ಕಡೆಯವರು. ಗುಳೆ ಎಂದು ಇಲ್ಲಿ ಬರೆದಿದ್ದೀರಲ್ಲ, ಅದು ನಾವೇ. ಮೊದಲು ಕಟ್ಟಡ ಕೆಲಸ, ಈಗ ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಮಗ ಏಳನೆಯ ತರಗತಿ.

ಊರಿನಿಂದ ಬರುವಾಗ ಟಿಸಿ ತಂದಿರಲಿಲ್ಲ. ಇಲ್ಲಿ ಮೊದಲು ಹೋದ ಶಾಲೆಯಲ್ಲಿ ಟಿಸಿ ಇಲ್ಲದೆ ಆಗುವುದಿಲ್ಲ ಎಂದು ವಾಪಸ್ ಕಳಿಸಿದರು. ಟಿಸಿ ತರಲು ಊರಿಗೆ ಹೋಗಬೇಕು, ಹೋದರೆ ನಾಲ್ಕು ದಿನದ ಕೂಲಿ ಹೋಗುತ್ತದೆ. ಹಾಗೆಯೇ ಎರಡು ತಿಂಗಳು ಮಗ ಶೆಡ್ಡಿನಲ್ಲಿ ತಂಗಿಯನ್ನು ನೋಡಿಕೊಂಡು ಉಳಿದ. ಊರಿನ ಶಾಲೆಯ ಪುಸ್ತಕದಲ್ಲಿ ಅವನ ಹೆಸರು ಇತ್ತು, ದಿನಾ ಗೈರು ಬೀಳುತ್ತಿತ್ತು. ಆ ಶಾಲೆಯ ಸರಾಸರಿಯನ್ನು ಕೆಳಗೆ ಎಳೆದವರಲ್ಲಿ ನನ್ನ ಮಗನೂ ಒಬ್ಬ ಎಂದು ಇದನ್ನೆಲ್ಲ ಓದಿದಾಗ ಹೊಳೆಯಿತು.

ಈಗಿನ ಶಾಲೆಯ ಟೀಚರ್ ಬಗ್ಗೆ ಹೇಳಲೇಬೇಕು. ಅವರ ತರಗತಿಯಲ್ಲಿ ಮನೆಯಲ್ಲಿ ತೆಲುಗು ಆಡುವವರು, ತಮಿಳು, ಉರ್ದು, ಹಿಂದಿ ಆಡುವವರು, ಇಬ್ಬರು ನೇಪಾಳಿ ಮಕ್ಕಳು ಇದ್ದಾರೆ. ಮನೆಯಲ್ಲಿ ಕನ್ನಡ ಆಡುವ ನನ್ನ ಮಗನ ಕನ್ನಡವೂ ಪುಸ್ತಕದ ಕನ್ನಡಕ್ಕಿಂತ ಬೇರೆ. ಮೊದಲ ದಿನ ಅವನ ಮಾತಿಗೆ ಮಕ್ಕಳು ನಕ್ಕರಂತೆ. ಟೀಚರ್ ನಗು ನಿಲ್ಲಿಸಿ, "ನಿಮ್ಮ ಊರಿನಲ್ಲಿ ಇದಕ್ಕೆ ಏನೆನ್ನುತ್ತೀರಿ?" ಎಂದು ಒಂದೊಂದೇ ವಸ್ತು ತೋರಿಸಿ ಎಲ್ಲ ಮಕ್ಕಳಿಂದ ಹೇಳಿಸಿ ಬೋರ್ಡಿನ ಮೇಲೆ ಬರೆದರಂತೆ. ಅವತ್ತಿನಿಂದ ಅವನು ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಅಂಕ ಇನ್ನೂ ಕಡಿಮೆಯೇ ಇದೆ.

ದಾರಿಹೋಕ (ಕ್ಲಸ್ಟರ್ ಸಿಆರ್‌ಪಿ, ಅಂದರೆ ಶಾಲೆಗಳ ಒಂದು ಗುಂಪಿನ ಸಂಪನ್ಮೂಲ ವ್ಯಕ್ತಿ, ಕಲ್ಯಾಣ ಕರ್ನಾಟಕ)

ಅಕ್ಕಾ, ಟಿಸಿ ಇಲ್ಲವೆಂದು ನಿಮ್ಮನ್ನು ವಾಪಸ್ ಕಳಿಸಿದ್ದು ತಪ್ಪು. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಈ ಮಾತನ್ನು ನಿಮ್ಮ ಸುತ್ತಲಿನ ಶೆಡ್ಡುಗಳಲ್ಲಿ ಇರುವವರಿಗೆಲ್ಲ ದಯವಿಟ್ಟು ಹೇಳಿ.

ಬಿಸಿಲಬಯಲು ಅವರ ಪ್ರಶ್ನೆಗೆ ಬರುತ್ತೇನೆ. ನಾನು ದಿನಕ್ಕೊಂದು ಶಾಲೆ ಸುತ್ತುವವನು, ಕಂಡದ್ದನ್ನು ಹೇಳುತ್ತೇನೆ.

ಮೊದಲನೆಯದು, ಆರರಿಂದ ಎಂಟನೆಯ ತರಗತಿಗೆ ಕಾಯ್ದೆಯ ಪ್ರಕಾರ ವಿಜ್ಞಾನ ಮತ್ತು ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಕನಿಷ್ಠ ಒಬ್ಬೊಬ್ಬ ಶಿಕ್ಷಕರಿರಬೇಕು, 35 ಮಕ್ಕಳಿಗೆ ಒಬ್ಬರಂತೆ ಇರಬೇಕು. ನಿಮ್ಮ ಶಾಲೆಯಲ್ಲಿ ಗಣಿತ ಹೇಳುವವರು ಕಾಯಂ ಶಿಕ್ಷಕರೋ ಅತಿಥಿ ಶಿಕ್ಷಕರೋ ನೋಡಿ. 2022ರಲ್ಲಿ ಈ ತರಗತಿಗಳಿಗೆಂದೇ 15,000 ಪದವೀಧರ ಶಿಕ್ಷಕರ ಹುದ್ದೆಗೆ ಅಧಿಸೂಚನೆ ಹೊರಟಿತ್ತು. ವಿವಾಹಿತ ಮಹಿಳೆಯರು ತಂದೆಯ ಆದಾಯ ಪ್ರಮಾಣಪತ್ರ ಕೊಡಬೇಕೋ ಗಂಡನದೋ ಎಂಬ ಪ್ರಶ್ನೆಯ ಮೇಲೆ ಆಯ್ಕೆಪಟ್ಟಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಪಟ್ಟಿ ಇತ್ಯರ್ಥವಾಗುವವರೆಗೂ ಎಷ್ಟೋ ಶಾಲೆಗಳ ಗಣಿತ ಪೀರಿಯಡ್ಡನ್ನು ಅತಿಥಿ ಶಿಕ್ಷಕರೇ ಎಳೆದರು. ಅವರ ಬದ್ಧತೆಗೆ ಕೈ ಮುಗಿಯುತ್ತೇನೆ, ಆದರೆ ಅವರಲ್ಲಿ ಬಹಳಷ್ಟು ಜನರಿಗೆ ಮುಂದಿನ ಜೂನ್‌ನಲ್ಲಿ ಇದೇ ಶಾಲೆಯಲ್ಲಿ ಇರುತ್ತೇವೆಯೇ ಎಂಬ ಖಾತ್ರಿ ಇರುವುದಿಲ್ಲ.

ಎರಡನೆಯ ಮಾತು ಯಾರೂ ಗಮನಿಸದೇ ಇರುವುದು. ದೇಶದಾದ್ಯಂತ ಮಕ್ಕಳ ಕಲಿಕೆಯನ್ನು ಅಳೆಯುವ ರಾಷ್ಟ್ರೀಯ ಸಾಧನಾ ಸಮೀಕ್ಷೆ 2021ರಲ್ಲಿ ನಡೆದದ್ದು ನವೆಂಬರ್ 12ರಂದು. ಅದರ ಜಾಗಕ್ಕೆ ಬಂದ ಪರಖ್ ಸಮೀಕ್ಷೆಯಲ್ಲಿ ಮೂರು, ಆರು, ಒಂಬತ್ತನೆಯ ತರಗತಿಯ ಮಕ್ಕಳನ್ನು ಪರೀಕ್ಷಿಸಿದ್ದು 2024ರ ಡಿಸೆಂಬರ್ 4ರಂದು. ಎರಡೂ ಹತ್ತಿಯ ಸುಗ್ಗಿಯ ನಟ್ಟನಡುವೆ. ಅವತ್ತು ಬೆಂಚಿನ ಮೇಲೆ ಕೂತ ಮಗು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಹೊಲದಲ್ಲಿರುವ ಮಗು ಸಮೀಕ್ಷೆಗೂ ಗೈರು.

ಅಳೆಯುವುದು ಹೇಗೆ ಎಂದು ಕೇಳಿದಿರಿ. ನಾನು ನನ್ನ ಕ್ಲಸ್ಟರಿನ ಎರಡು ಶಾಲೆಗಳಲ್ಲಿ ಮಾಡಿಸಿದ್ದು ಇಷ್ಟೇ. ಪ್ರತಿ ಮಗುವಿಗೆ ಒಂದು ಹಾಳೆ. ಜೂನ್‌ನಲ್ಲಿ ಎರಡನೆಯ ತರಗತಿಯ ಮಟ್ಟದ ಒಂದು ಪುಟ್ಟ ಕಥೆ ಓದಿಸಿ, ಬಂದರೆ ಐದನೆಯದರ ಒಂದು ಪ್ಯಾರಾ. ಹತ್ತರ ಸ್ಥಾನದಿಂದ ಕಡ ತೆಗೆದುಕೊಳ್ಳುವ ಒಂದು ವ್ಯವಕಲನ, ಒಂದು ಭಾಗಾಕಾರ, ಒಂದು ಭಿನ್ನರಾಶಿ. ಇದನ್ನೇ ಅಕ್ಟೋಬರಿನಲ್ಲಿ, ಮತ್ತೆ ಮಾರ್ಚ್‌ನಲ್ಲಿ. ಪಕ್ಕದಲ್ಲಿ ಹಾಜರಾದ ದಿನಗಳನ್ನು ಬರೆಯಿರಿ. ಆಗ ಜೂನ್‌ನಲ್ಲಿ ಅಕ್ಷರ ಕೂಡಿಸುತ್ತಿದ್ದ ಹುಡುಗಿ ಮಾರ್ಚ್‌ನಲ್ಲಿ ಕಥೆ ಓದಿದರೆ ಅದು ಹಾಳೆಯ ಮೇಲೆ ಕಾಣುತ್ತದೆ. ವಾರ್ಷಿಕ ಪರೀಕ್ಷೆಯ ಅಂಕದಲ್ಲಿ ಆಕೆ ಆಗಲೂ ಹಿಂದೆಯೇ ಇರುತ್ತಾಳೆ. ಮಗು ಜೂನ್‌ನಲ್ಲಿ ಎಲ್ಲಿತ್ತು, ಮಾರ್ಚ್‌ನಲ್ಲಿ ಎಲ್ಲಿಗೆ ಬಂತು ಎಂಬುದರ ಮೇಲೆ ಶಿಕ್ಷಕರನ್ನು ಪ್ರಶ್ನೆ ಮಾಡಿ. ಆಗ ಉಡುಪಿಯ ಗೆಳೆಯರು ಹೇಳಿದ ನೆಪಕ್ಕೂ ಜಾಗ ಇರುವುದಿಲ್ಲ.

ಎಸ್ಟೇಟ್ ಶಾಲೆ (ಕೊಡಗು)

ನಮ್ಮಲ್ಲಿ ಕಾಫಿ ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕುಟುಂಬಗಳ ಮಕ್ಕಳಿದ್ದಾರೆ. ಆರು ತಿಂಗಳಲ್ಲಿ ಕನ್ನಡದಲ್ಲಿ ಹೆಸರು ಬರೆಯುವಷ್ಟು ಕಲಿತಾಗ ಕೊಯ್ಲು ಮುಗಿದು ಹೊರಟು ಹೋಗುತ್ತಾರೆ. ಹೋಗುವ ದಿನ ಹೇಳಿಯೂ ಹೋಗುವುದಿಲ್ಲ, ಬೆಂಚು ಖಾಲಿ ಇರುತ್ತದೆ ಅಷ್ಟೇ. ಆ ಮಕ್ಕಳ ಹೆಸರನ್ನು ಪುಸ್ತಕದಿಂದ ತೆಗೆಯಬೇಕೋ ಉಳಿಸಿಕೊಳ್ಳಬೇಕೋ ಎಂಬುದೇ ನಮಗೆ ಪ್ರತಿವರ್ಷದ ಸಂಕಟ. ಸಿಆರ್‌ಪಿ ಅವರೇ, ಆ ಹಾಳೆಯನ್ನು ಮಗುವಿನ ಕೈಗೇ ಕೊಟ್ಟು ಕಳಿಸಿದರೆ ಹೇಗೆ? ಮುಂದಿನ ಊರಿನ ಟೀಚರಿಗೆ ಎಲ್ಲಿಂದ ಶುರು ಮಾಡಬೇಕೆಂದಾದರೂ ಗೊತ್ತಾಗುತ್ತದೆ.

ದಾರಿಹೋಕ

ಖಂಡಿತ ಕೊಡಿ. ಒಂದು ಪ್ರತಿ ಶಾಲೆಯಲ್ಲಿಯೂ ಇರಲಿ.

ಹತ್ತಿಯ ಹುಡುಗಿ (ರಾಯಚೂರು)

ಇಲ್ಲಿಯವರೆಗೆ ಬರೀ ಓದುತ್ತಿದ್ದೆ. ನಾನು ಈಗ ಬಿ.ಎಡ್. ಓದುತ್ತಿದ್ದೇನೆ. ಆರು, ಏಳನೆಯ ತರಗತಿಯಲ್ಲಿ ನನ್ನ ಹೆಸರಿನ ಮುಂದೆಯೂ ಆ ಕೆಂಪು ಗುರುತುಗಳು ಇದ್ದವು.

ಹತ್ತಿ ಬಿಡಿಸುವುದು ದೂರದಿಂದ ನೋಡಲು ಹಗುರ ಕೆಲಸ. ಕಾಯಿ ಒಡೆದ ಮೇಲೆ ಅದರ ಸಿಪ್ಪೆ ಒಣಗಿ ಮುಳ್ಳಿನಂತೆ ಚೂಪಾಗಿರುತ್ತದೆ. ಬೆಳಿಗ್ಗೆ ಚಳಿಯಲ್ಲಿ ಕೈ ಹಾಕಿದರೆ ಉಗುರಿನ ಬುಡದಲ್ಲಿ ಸೀಳುತ್ತದೆ. ಸಂಜೆಗೆ ಪೆನ್ಸಿಲ್ ಹಿಡಿದರೆ ಉರಿ. ಮನೆಗೆಲಸ ಬರೆಯದೆ ಹೋದರೆ ಗುರುಗಳು ಕೈ ಚಾಚು ಎನ್ನುತ್ತಿದ್ದರು, ಚಾಚಿದ ಕೈ ನೋಡಿ ಸುಮ್ಮನಾಗುತ್ತಿದ್ದರು.

ಸಂಜೆ ಹೊಲದ ಬದುವಿನಲ್ಲಿ ತೂಕ. ಅವ್ವನದು ಇಷ್ಟು, ನನ್ನದು ಇಷ್ಟು ಎಂದು ಮನಸ್ಸಿನಲ್ಲಿಯೇ ಕೂಡಿಸಿ ಹೇಳುತ್ತಿದ್ದೆ. ಅರ್ಧ ಕಿಲೋಗೆ ಕಾಲು ಕಿಲೋ ಸೇರಿದರೆ ಮುಕ್ಕಾಲು ಎಂಬುದು ಯಾರೂ ಕಲಿಸದೆ ಬಂದಿತ್ತು. ಫೆಬ್ರವರಿಯಲ್ಲಿ ಶಾಲೆಗೆ ವಾಪಸ್ ಹೋದಾಗ ಬೋರ್ಡಿನ ಮೇಲೆ 1/2 + 1/4 ಇತ್ತು. ನಾನು 2/6 ಎಂದು ಬರೆದೆ. ಮೇಲಿನವನ್ನು ಕೂಡಿಸಿದೆ, ಕೆಳಗಿನವನ್ನು ಕೂಡಿಸಿದೆ. ತರಗತಿ ನಕ್ಕಿತು.

ಆ ವರ್ಷ ಹೊಸದಾಗಿ ಬಂದಿದ್ದ ಅಕ್ಕಾವರು ನಗಲಿಲ್ಲ. ಶಾಲೆ ಬಿಟ್ಟ ಮೇಲೆ ನನ್ನನ್ನೂ, ಹೊಲದಿಂದ ವಾಪಸ್ ಬಂದ ಇನ್ನೂ ಐದಾರು ಜನರನ್ನೂ ಕೂರಿಸಿಕೊಂಡು, "ಹತ್ತಿ ತೂಗುವಾಗ ಏನು ಮಾಡುತ್ತಿದ್ದಿರಿ ಹೇಳಿ" ಎಂದರು. ನಾನು ಹೇಳಿದೆ. "ಹಾಗಾದರೆ ನಿನಗೆ ಈ ಲೆಕ್ಕ ಬರುತ್ತದೆ. ಬರೆಯುವುದು ಮಾತ್ರ ಬರುವುದಿಲ್ಲ" ಎಂದು ಅರ್ಧವನ್ನು ಎರಡು ಕಾಲು ಮಾಡಿ ಬರೆದು ತೋರಿಸಿದರು. ಎರಡು ಕಾಲು, ಒಂದು ಕಾಲು, ಒಟ್ಟು ಮೂರು ಕಾಲು. ಆ ನಿಮಿಷ ನನ್ನ ಮೈ ಬಿಸಿಯಾದದ್ದು ಇವತ್ತಿಗೂ ನೆನಪಿದೆ.

ಆ ವರ್ಷದ ಅಂಕಪಟ್ಟಿಯಲ್ಲಿ ನನ್ನದು ಕೊನೆಯಿಂದ ಮೂರನೆಯ ಹೆಸರು. ಆ ಅಕ್ಕಾವರನ್ನು ನನ್ನ ಅಂಕದಿಂದ ಅಳೆದಿದ್ದರೆ ಅವರೂ ತಲೆ ತಗ್ಗಿಸಿ ಕೂರಬೇಕಾಗುತ್ತಿತ್ತು.

ಊಟದ ಬಗ್ಗೆಯೂ ಒಂದು ಮಾತು. ಶಾಲೆಯ ಬಿಸಿಯೂಟ, ಅಂದರೆ ಅಕ್ಷರ ದಾಸೋಹ, 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಕಡೆಯ ಜಿಲ್ಲೆಗಳಲ್ಲಿಯೇ. ಮೊಟ್ಟೆಯೂ 2021ರಲ್ಲಿ ಮೊದಲು ಬಂದದ್ದು ನಮ್ಮ ಕಡೆಗೇ. ಹೊಲಕ್ಕೆ ಹೋಗುವ ಮಗುವಿನ ಮನೆಯವರ ಮನಸ್ಸು ಬದಲಿಸುವಷ್ಟು ಶಕ್ತಿ ಒಂದು ಮೊಟ್ಟೆಗೆ ಇಲ್ಲದಿರಬಹುದು. ಹಸಿದು ಬಂದ ಮಗುವನ್ನು ಮಧ್ಯಾಹ್ನದ ಗಣಿತ ಪೀರಿಯಡ್ಡಿನಲ್ಲಿ ಎಚ್ಚರವಾಗಿ ಕೂರಿಸುವ ಶಕ್ತಿ ಇದೆ, ಅದನ್ನು ನಾನು ಅಭ್ಯಾಸ ಬೋಧನೆಗೆ ಹೋದ ಶಾಲೆಯಲ್ಲಿ ಕಣ್ಣಾರೆ ಕಂಡೆ.

ಘಟ್ಟದ ಕೆಳಗಿನವ

ತಂಗೀ, ನೀವು ಬರೆದದ್ದನ್ನು ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. ನನ್ನ ನಿಲುವು ಈಗಲೂ ಅದೇ, ಕಲಿಸುವವರು ಕಲಿಸಲೇಬೇಕು. ಆದರೆ ಬೋರ್ಡಿನ ಮೇಲೆ ಎರಡು ಸರಾಸರಿ ಬರೆದು ಹೋಲಿಸುವುದನ್ನು ಇನ್ನು ಮೇಲೆ ನಾನು ಒಪ್ಪುವುದಿಲ್ಲ. ಮಕ್ಕಳನ್ನು ಹತ್ತಿಗೆ ಕಳಿಸುವುದನ್ನು ತಡೆಯುವ ಕಾನೂನು ಇಲ್ಲವೇ?

ದಾರಿಹೋಕ

ಇದೆ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೂಲಿಗೂ ಇಟ್ಟುಕೊಳ್ಳುವಂತಿಲ್ಲ. ಮನೆಯವರ ಹೊಲದಲ್ಲಿ ನೆರವಾಗಬಹುದು, ಅದೂ ಶಾಲೆಯ ಅವಧಿ ಮುಗಿದ ಮೇಲೆ ಅಥವಾ ರಜೆಯಲ್ಲಿ. ಗುಳೆ ಹೋಗುವವರ ಮಕ್ಕಳು ಊರಿನಲ್ಲಿಯೇ ಉಳಿದು ಓದಲು ಋತುಮಾನದ ವಸತಿ ನಿಲಯಕ್ಕೂ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಎಸ್‌ಡಿಎಂಸಿ ಬೇಗನೆ ಮಕ್ಕಳ ಪಟ್ಟಿ ಸಮೇತ ಬರೆದುಕೊಟ್ಟರೆ ಕೆಲಸ ಮುಂದೆ ಸಾಗುತ್ತದೆ. ಜನವರಿಯಲ್ಲಿ ಕೊಟ್ಟರೆ ಸುಗ್ಗಿ ಮುಗಿದಿರುತ್ತದೆ.

ಬಿಸಿಲಬಯಲು

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಮುಖ್ಯ ಗುರುಗಳಿಗೂ ಮೊಬೈಲಿನಲ್ಲಿ ತೋರಿಸಿದೆ. ಅವರು ಬಹಳ ಹೊತ್ತು ಓದಿ, ಹತ್ತಿಯ ಹುಡುಗಿ ಬರೆದದ್ದು ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಹಾಳೆಗಳನ್ನು ಈ ತಿಂಗಳಿನಿಂದಲೇ ಶುರು ಮಾಡೋಣ, ಜೂನ್ ತನಕ ಕಾಯುವುದು ಬೇಡ ಎಂದರು. ನಿನ್ನೆ ಆರನೆಯ ತರಗತಿಯ ಹನ್ನೊಂದು ಮಕ್ಕಳನ್ನು ಓದಿಸಿದೆವು. ಇಬ್ಬರಿಗೆ ಪದ ಕೂಡಿಸಲು ಬರುವುದಿಲ್ಲ, ಬರೆದುಕೊಂಡಿದ್ದೇವೆ. ಮಗಳು ತನ್ನ ಸರದಿ ಮುಗಿಸಿ, ಅವರಲ್ಲೊಬ್ಬಳ ಪಕ್ಕ ಹೋಗಿ ಕೂತಳು.

ಮೊದಲ ಸಲ ಬರೆದಾಗ ಒಂದು ಮಾತನ್ನು ಬಿಟ್ಟಿದ್ದೆ. ಹತ್ತಿ ಬಿಡಿಸುವ ಮಕ್ಕಳು ಎಂದೆನಲ್ಲ, ಅವರು ಯಾರ ಹೊಲದಲ್ಲಿ ಬಿಡಿಸುತ್ತಾರೆ? ನನ್ನದೂ ನಾಲ್ಕು ಎಕರೆ ಹತ್ತಿ. ಹೋದ ಡಿಸೆಂಬರಿನಲ್ಲಿ ಆಳು ಸಿಗದೆ ಇದ್ದಾಗ ಹೆಂಗಸರ ಜೊತೆ ಅವರ ಮಕ್ಕಳೂ ಬಂದರು, ನಾನು ಬೇಡ ಎನ್ನಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ದಿನಗಳನ್ನು ಹುಡುಕಿದೆ, ಸಿಕ್ಕವು. ಮೂರು ಮಕ್ಕಳು, ಒಂಬತ್ತು ದಿನ.

ಈ ವರ್ಷ ನನ್ನ ಹೊಲಕ್ಕೆ ಮಕ್ಕಳನ್ನು ಕರೆಯುವುದಿಲ್ಲ. ಊರಿನಲ್ಲಿ ದೊಡ್ಡ ಹಿಡುವಳಿ ಇರುವ ಇಬ್ಬರ ಮನೆಗೆ ಹೋಗಿ ಮಾತಾಡಿದೆ. ಒಬ್ಬರು ಒಪ್ಪಿದರು. ಇನ್ನೊಬ್ಬರು, "ಮಳೆ ಬಂದು ಹತ್ತಿ ಕರಿ ಬಿದ್ದರೆ ನಿಮ್ಮ ಶಾಲೆ ಕೊಡುತ್ತದೆಯೇ?" ಎಂದು ಕೇಳಿದರು. ಅವರಿಗೆ ಹೇಳುವ ಉತ್ತರ ನನ್ನ ಬಳಿ ಇರಲಿಲ್ಲ. ಶನಿವಾರ ಸಂಜೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಎಲ್ಲರೂ ಸೇರುತ್ತಿದ್ದೇವೆ, ಅವರೂ ಬರುತ್ತೇನೆ ಎಂದಿದ್ದಾರೆ. ವಸತಿ ನಿಲಯದ ಅರ್ಜಿಗೆ ಗುಳೆ ಹೋಗುವ ಮನೆಗಳ ಪಟ್ಟಿ ಅರ್ಧ ಬರೆದಿದ್ದೇನೆ. ಸಿಆರ್‌ಪಿ ಅವರೇ, ಅದಕ್ಕೆ ಮಕ್ಕಳ ಆಧಾರ್ ಪ್ರತಿಯನ್ನೂ ಲಗತ್ತಿಸಬೇಕೋ, ಶಾಲೆಯ ದಾಖಲಾತಿ ಸಂಖ್ಯೆ ಸಾಕೋ? ಶನಿವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.